ಹಾಯಿದೋಣಿ ನಂಬರ್ ಒಂದು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ನಮ್ಮ ಹಳೆಯ ಕಚೇರಿಯ ಪಟ್ಟೇವಾಲ, ಅಂದರೆ ಜವಾನ. ಚಪ್ಪಲಿ ಕಳಚುವ ಮೊದಲೇ, ಬಾಗಿಲಲ್ಲಿ ನಿಂತು ಹೇಳಿದ: "ಸಾಹೇಬ್ರು ಹೋದ್ರರಿ. ಅರ್ಜಿ ಕೊಡದ, ಮಂಜೂರಿ ತಗೊಳ್ಳದ ಹೋಗಿಬಿಟ್ರು. ಅವರ ಜನ್ಮದಾಗ ಇದೊಂದ ತಪ್ಪ ಮಾಡಿದ್ರು ನೋಡ್ರಿ."

ಇಬ್ಬರೂ ನಕ್ಕೆವು. ಸತ್ತವರ ವಿಷಯದಲ್ಲಿ ನಗಬಾರದು, ನಿಜ. ಆದರೆ ಅವರ ಕೈಕೆಳಗೆ ಒಂಬತ್ತು ವರ್ಷ ದುಡಿದವರಿಗೆ ಅಷ್ಟಾದರೂ ರಿಯಾಯಿತಿ ಸಿಗಬೇಕು.

ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಒಳ್ಳೊಳ್ಳೆಯ ಕಡೆ ಇದ್ದಾರೆ, ಓದಿ ಬೇಜಾರಾಗುವುದು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಊರಿನ ನೀರನ್ನು ಬದಲಿಯ ಹುಕುಂ ಬಂದಂತೆಲ್ಲ ಕುಡಿದವನು ನಾನು. ಇದು ಯಾವ ಕಚೇರಿಯ ಕತೆ ಎಂದೂ ಹೇಳುವುದಿಲ್ಲ, ಹೊಳೆ ಭೀಮೆಯೋ ಕೃಷ್ಣೆಯೋ ಎಂದು ಕೇಳಲೂ ಬೇಡಿ. ಹೊಳೆಯ ಈಚೆಗೆ ಮುಂಬೈ ರಾಜ್ಯ, ಆಚೆಗೆ ನಾವು ಮೊಗಲಾಯಿ ಎಂದು ಕರೆಯುತ್ತಿದ್ದ ಹೈದರಾಬಾದ್ ರಾಜ್ಯ ಇತ್ತು. ಎರಡೂ ಕಡೆ ಕನ್ನಡ ಮಾತಾಡುವ ಜನ, ನಡುವೆ ಒಂದು ಹೊಳೆ. ಇಷ್ಟು ತಿಳಿದರೆ ಸಾಕು. ಎರಡೂ ದಂಡೆ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಇನ್ನೊಂದು ವರ್ಷ ಬಾಕಿಯಿತ್ತು.

ಅವರು ಮಾಮಲೇದಾರ ಕಚೇರಿಯ, ಈಗಿನ ಮಾತಿನಲ್ಲಿ ತಹಶೀಲ್ದಾರ ಕಚೇರಿಯ, ಅವ್ವಲ್ ಕಾರಕೂನರು, ಅಂದರೆ ಗುಮಾಸ್ತರಿಗೆಲ್ಲ ಹಿರಿಯರು. ಮಾಮಲೇದಾರರು ಬರುತ್ತಿದ್ದರು, ಹೋಗುತ್ತಿದ್ದರು. ಇವರು ಗೋಡೆಯ ಗಡಿಯಾರದಂತೆ ಅಲ್ಲೇ ಇದ್ದರು. ಕಾಯ್ದೆಯ ಕಲಮುಗಳನ್ನು ನಂಬರಿನ ಸಮೇತ ಬಾಯಿಪಾಠ ಹೇಳುತ್ತಿದ್ದುದರಿಂದ ಬೆನ್ನ ಹಿಂದೆ ನಾವು ಅವರನ್ನು ಕಲಮು ಸಾಹೇಬರು ಎನ್ನುತ್ತಿದ್ದೆವು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಕರಿ ಟೋಪಿ. ಯಾರದಾದರೂ ಅರ್ಜಿ ಕೈಗೆ ಬಂದರೆ ಮೊದಲು ಅದನ್ನು ಮಗುಚಿ ಹಿಂಬದಿ ನೋಡುವರು. ಖಾಲಿ ಹಾಳೆಯನ್ನು ಇಷ್ಟು ಹೊತ್ತು ಏನು ಓದುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ. "ಮುಂದ ಎಲ್ಲಾರೂ ಛಲೋನ ಬರೀತಾರ ತಮ್ಮಾ," ಎಂದರು, "ಸಹಿ ಹೆಬ್ಬಟ್ಟಿನ ಒತ್ತು ಹಿಂದ ಮೂಡಿರ್ತೈತಿ. ಖರೇ ಯಾರದು ಅಂತ ಅಲ್ಲಿ ತಿಳೀತೈತಿ."

ಒಂದು ವಾರ ಮಾಮಲೇದಾರರು ಊರಲ್ಲಿಲ್ಲದೆ ಕಚೇರಿಯ ಪ್ರಭಾರ ಇವರಿಗೇ ಬಂದಿತ್ತು. ಅದೇ ವಾರ ಮಗಳ ಲಗ್ನ. ರಜೆಗೆ ಅರ್ಜಿ ಬರೆದರು. ಎದ್ದು ಹೋಗಿ ಮಾಮಲೇದಾರರ ಕುರ್ಚಿಯಲ್ಲಿ ಕೂತು ಆ ಅರ್ಜಿಯನ್ನು ಓದಿದರು. ಲಗ್ನಪತ್ರಿಕೆ ಲಗತ್ತಿಸಿಲ್ಲವೆಂದು ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದು ವಾಪಸು ಕಳಿಸಿದರು. ತಮ್ಮ ಜಾಗಕ್ಕೆ ಮರಳಿ ಬಂದು ಟಿಪ್ಪಣಿ ನೋಡಿ ನಿಟ್ಟುಸಿರುಬಿಟ್ಟರು. ಪಟ್ಟೇವಾಲ ಮನೆಗೆ ಓಡಿ ಪತ್ರಿಕೆ ತಂದ. ಅಷ್ಟರಲ್ಲಿ ಲಗ್ನದ ಊಟವೂ ಮುಗಿದಿತ್ತು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಅದು ಸುಳ್ಳು. ಬೀಗರ ಜೊತೆ ಊಟಕ್ಕೆ ಕೂರುವ ಹೊತ್ತಿಗೆ ಮುಟ್ಟಿದ್ದರು.

ಇಂಥವರ ಕೈಗೆ ಒಂದು ಹಾಯಿದೋಣಿ ಸಿಕ್ಕಿತು.

ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಸಾಯಬಣ್ಣ ಎಂಬವನಿದ್ದ. ಊರಾಚೆಯ ಕೇರಿಯವನು, ಊರು ಮುಟ್ಟಿಸಿಕೊಳ್ಳದ ಜನ. ಮುಂಬೈಯಲ್ಲಿ ದೋಣಿ ದುರಸ್ತಿ ಮಾಡುವ ಕಡೆ ಹತ್ತು ವರ್ಷ ಬಡಿಗತನ ಮಾಡಿ, ತಂದೆ ಹಾಸಿಗೆ ಹಿಡಿದನೆಂದು ಊರಿಗೆ ಬಂದಿದ್ದ. ಕೇರಿಯ ಹೆಣ್ಣುಮಕ್ಕಳು ಕಳೆ ತೆಗೆಯಲು ದಿನವೂ ಆಚೆ ದಂಡೆಯ ಹೊಲಗಳಿಗೆ ಹೋಗುತ್ತಿದ್ದರು. ಹೊಳೆಗೆ ಸರ್ಕಾರ ಹರಾಜು ಹಾಕಿದ ಗುತ್ತಿಗೆಯ ದೋಣಿಯೊಂದಿತ್ತು, ದನ ಹತ್ತುವಷ್ಟು ಅಗಲದ್ದು. ಗುತ್ತೇದಾರ ಊರ ಗೌಡರ ಬೀಗ. ಆ ದೋಣಿಯಲ್ಲಿ ಮೊದಲು ಊರಿನವರು, ಆಮೇಲೆ ಚೀಲಗಳು, ಆಮೇಲೆ ದನಗಳು, ಎಲ್ಲ ಮುಗಿದ ಮೇಲೆ ಕೇರಿಯವರು. ಎಷ್ಟೋ ಸಂಜೆ ಸರದಿ ಬರುತ್ತಲೇ ಇರಲಿಲ್ಲ. ಮೊಲೆಕೂಸುಗಳನ್ನು ಈಚೆ ಬಿಟ್ಟು ಹೋದ ತಾಯಂದಿರು ಆಚೆಯ ಮರಳಿನ ಮೇಲೆ ಬೆಳಗು ಮಾಡುತ್ತಿದ್ದರು.

ಸಾಯಬಣ್ಣ ಯಾರಿಗೂ ಏನೂ ಹೇಳದೆ ದೋಣಿ ಕಟ್ಟಿದ. ಪಕ್ಕೆಗೆ ಜಾಲಿ, ತಳಕ್ಕೆ ಬೇವು, ಮೇಲಿನ ಹಲಗೆ ಮಾವಿನದು. ಸಂದಿಗಳಿಗೆ ಸೆಣಬಿನ ನಾರು ತುರುಕಿ ಡಾಂಬರು ಬಳಿದ. ಹಾಯಿಯನ್ನು ಕೇರಿಯ ಹೆಂಗಸರು ಹೊಲಿದರು, ಕೌದಿ ಹೊಲಿದಂತೆ, ಹಳೆಯ ಸೀರೆಗಳ ತುಂಡು ಕೂಡಿಸಿ. ಆ ಕಡೆಯ ಹೊಳೆಯಲ್ಲಿ ಹಾಯಿ ಕಂಡವರೇ ಇರಲಿಲ್ಲ. ಜನ ಅದಕ್ಕೆ ಅರಿಬಿ ದೋಣಿ, ಅಂದರೆ ಬಟ್ಟೆಯ ದೋಣಿ ಎಂದು ಹೆಸರಿಟ್ಟರು. ಶ್ರಾವಣದ ಪಡುವಣ ಗಾಳಿಗೆ ಅದು ಗೌಡರು ಕೂತಿದ್ದ ಗುತ್ತಿಗೆಯ ದೋಣಿಯನ್ನು ನಡುಹೊಳೆಯಲ್ಲಿ ಹಿಂದೆ ಹಾಕಿ ಹೋಯಿತಂತೆ. ಮೂರನೆಯ ದಿನ ಗೌಡರ ತಕರಾರು ಅರ್ಜಿ ನಮ್ಮ ಕಚೇರಿಗೆ ಬಂತು: ನೋಂದಣಿಯಿಲ್ಲದ, ಪರವಾನಗಿಯಿಲ್ಲದ, ಮನೆಯಲ್ಲೇ ಮಾಡಿದ ದೋಣಿಯಿಂದ ಜನರ ಜೀವಕ್ಕೆ ಅಪಾಯವಿದೆ, ಕೂಡಲೇ ಬಂದ್ ಮಾಡಿಸಬೇಕು. ಯಾವ ಜನರ ಜೀವ ಎಂದು ಅದರಲ್ಲಿ ಬರೆದಿರಲಿಲ್ಲ.

ಆವಕ-ಜಾವಕದ ಮೇಜು ಆಗ ನನ್ನದು. ಬಂದ ಕಾಗದಕ್ಕೆ ನಂಬರು ಹಾಕುವವನು, ಹೋಗುವ ಕಾಗದಕ್ಕೆ ನಂಬರು ಹಾಕುವವನು. ಈ ಅರ್ಜಿಗೂ ಹಾಕಿದೆ. ಕಲಮು ಸಾಹೇಬರು ಹಿಂಬದಿ ನೋಡಿದರು, ಮುಂಬದಿ ನೋಡಿದರು, ಕಪಾಟು ತೆಗೆಸಿದರು. ನಾಲ್ಕು ದಿನ ಧೂಳು. ಬಂದರಿನ ದೋಣಿಗಳಿಗೆ ನಿಯಮ ಸಿಕ್ಕಿತು, ಉಗಿಯಂತ್ರದ ದೋಣಿಗಳಿಗೆ ಸಿಕ್ಕಿತು. ಬಾಡಿಗೆ ಪಡೆದು ಜನ ದಾಟಿಸುವವರಿಗೂ ಸಿಕ್ಕಿತು. ಆದರೆ ಸಾಯಬಣ್ಣ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಮಾಡಿಕೊಂಡ ಹಾಯಿದೋಣಿಯನ್ನು ಹೊಳೆಗೆ ಇಳಿಸಲು ಎಲ್ಲಿ, ಹೇಗೆ ನೋಂದಾಯಿಸಬೇಕು ಎಂದು ಒಂದು ಪುಸ್ತಕದಲ್ಲೂ ಇರಲಿಲ್ಲ.

"ನಿಯಮ ಇಲ್ಲ ಅಂತ ಬರದು ಅರ್ಜಿ ವಜಾ ಮಾಡೋಣೇನ್ರಿ?" ಎಂದೆ.

ಅವರು ನಾನು ಕೆಟ್ಟ ಮಾತು ಆಡಿದವನಂತೆ ನೋಡಿದರು. "ನಿಯಮ ಇಲ್ಲ ಅನಬಾರದು ತಮ್ಮಾ. ನಮಗ ಸಿಕ್ಕಿಲ್ಲ ಅನಬೇಕು."

ಸಾಯಬಣ್ಣನಿಗೆ ಸಮನ್ಸು ಹೋಯಿತು. ಬಂದು ಕಚೇರಿಯ ಕಟ್ಟೆಯ ಕೆಳಗೆ ನಿಂತ. ಮೂವತ್ತೈದರ ವಯಸ್ಸು, ಕೈಗಳಲ್ಲಿ ಡಾಂಬರಿನ ಕಲೆ, ಅಂಗಿ ಶುಭ್ರ. ಮುಂಬೈಯಲ್ಲಿ ರಾತ್ರಿಶಾಲೆಗೆ ಹೋಗಿದ್ದನಂತೆ.

"ದೋಣಿ ನಿಂದೇನು?"

"ಹೌದ್ರಿ."

"ನೋಂದಣಿ ಮಾಡ್ಸಿಯೇನು?"

"ಯಾವ ಕಾಯ್ದೇದಾಗ ಮಾಡಸ್ಬೇಕು ಹೇಳ್ರಿ ಸಾಹೇಬ್ರ, ನಾಳೇನ ಮಾಡಸ್ತೇನಿ."

ಕಲಮು ಸಾಹೇಬರಿಗೆ ಆ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. "ಕಾಯ್ದೆ ಹುಡುಕಾಕತ್ತೇವಿ. ಅಲ್ಲೀತನಕ ದೋಣಿ ನಿಂದ್ರಸು."

"ಅಷ್ಟ ಬರದು ಕೊಡ್ರಿ. ಕಾಯ್ದೆ ಸಿಕ್ಕಿಲ್ಲ, ಅದಕ್ಕ ದೋಣಿ ನಿಂದ್ರಸು ಅಂತ ಬರದು ಸಹಿ ಮಾಡ್ರಿ. ಇಂದ ನಿಂದ್ರಸ್ತೇನಿ."

ಅವರು ಲೇಖನಿ ಎತ್ತಿದರು, ಶಾಯಿಯಲ್ಲಿ ಅದ್ದಿದರು, ಹಾಳೆಯ ಮೇಲೆ ಹಿಡಿದರು. ಬರೆಯಲಾಗಲಿಲ್ಲ. ಬರೆಯಲಾಗದ ಒಂದು ಸಾಲನ್ನು ಕೇರಿಯ ಬಡಿಗ ತಮ್ಮ ಮುಂದೆ ಇಟ್ಟನಲ್ಲ ಎಂದು ಕಿವಿ ಕೆಂಪಾದವು. ಕೊನೆಗೆ ಸೋಲದವರ ಧಾಟಿಯಲ್ಲಿ, "ಫಾರ್ಮು ತುಂಬಬೇಕು" ಎಂದರು.

ಅಂಥ ಫಾರ್ಮು ಇರಲಿಲ್ಲ. ಜಾನುವಾರು ಗಣತಿಯ ಹಳೆಯ ಫಾರ್ಮು ತರಿಸಿ, ಎಮ್ಮೆ ಎಂದಿದ್ದ ಕಡೆ ದೋಣಿ ಎಂದು ತಿದ್ದಿದರು. ಉದ್ದ, ಅಗಲ, ವಯಸ್ಸು, ಬಣ್ಣ ಎಲ್ಲ ಕೇಳುತ್ತ ಬಂದು ಒಂದು ಕಲಮಿನ ಮುಂದೆ, ರೂಢಿಯ ಓಟದಲ್ಲಿ, "ಜಾತಿ?" ಎಂದರು.

ನಾನು ಆವಕದ ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಸಾಯಬಣ್ಣ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ಜಾಲಿ ಐತ್ರಿ, ಬೇವು ಐತಿ, ಮಾವು ಐತಿ. ಕೂಡೇ ತೇಲ್ತಾವ್ರಿ," ಎಂದ. ಕಲಮು ಸಾಹೇಬರು "ಮಿಶ್ರ" ಎಂದು ಬರೆದುಕೊಂಡರು. ಫಾರ್ಮನ್ನು ಸಹಿಗಾಗಿ ಕಟ್ಟೆಯ ಮೇಲಿಂದ ಕೆಳಕ್ಕೆ ಬೀಳಿಸಿದರು, ಕೈಗೆ ಕೊಡಲಿಲ್ಲ. ಅಸ್ಪೃಶ್ಯತೆ ಅಪರಾಧವೆಂಬ ಹೊಸ ಕಾಯ್ದೆಯ ಪ್ರತಿಯನ್ನು ಅದೇ ಕಟ್ಟೆಯ ಗೋಡೆಗೆ ನಾನೇ ನನ್ನ ಕೈಯಾರೆ ಅಂಟಿಸಿದ್ದೆ.

ಫಾರ್ಮಿನ ಕೊನೆಯಲ್ಲಿ "ಸ್ವತಃ ನೋಡಿ ಖಾತ್ರಿಪಡಿಸಿಕೊಂಡಿದ್ದೇನೆ" ಎಂಬ ಸಾಲೊಂದಿತ್ತು. ಎಮ್ಮೆಯಾದರೆ ದಾರಿಯಲ್ಲಿ ನಿಂತು ನೋಡಬಹುದು. ದೋಣಿ ತೇಲುತ್ತದೆಯೋ ಇಲ್ಲವೋ ಎಂದು ಖಾತ್ರಿಯಾಗಬೇಕಾದರೆ ಹತ್ತಿಯೇ ನೋಡಬೇಕು. ಅಳತೆಯ ಸರಪಳಿ ಹೊತ್ತು ನಾನೂ ಜೊತೆಗೆ ಹೊರಟೆ.

ಹೊಳೆಯಲ್ಲಿ ನೀರು ಜೋರಾಗಿತ್ತು. ಗೌಡರು ಆರು ಜನರೊಂದಿಗೆ ದಂಡೆಯ ಮೇಲೆ ನಿಂತಿದ್ದರು, ದೋಣಿಯ ತಿಥಿಗೆ ಬಂದವರ ಹಾಗೆ. ಕಲಮು ಸಾಹೇಬರಿಗೆ ನೀರೆಂದರೆ ಭಯ. ಬಾವಿಗೂ ಇಣುಕದ ಮನುಷ್ಯ. ಸಾಯಬಣ್ಣ ತೋರಿಸಿದ ಹಲಗೆಯ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ತಾವು ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದರು. ಹಾಯಿ ಏರಿತು. ಗಾಳಿ ಹಿಡಿಯಿತು. ಮೊದಲ ಬೀಸಿಗೇ ಕರಿ ಟೋಪಿ ಹಾರಿ ನೀರಿಗೆ ಬಿದ್ದು, ನಮಗಿಂತ ಜೋರಾಗಿ ಹೋಯಿತು.

ನಡುಹೊಳೆಗೆ ಬಂದಾಗ ಸಾಯಬಣ್ಣ ವಿನಯದಿಂದ ಕೇಳಿದ: "ಸಾಹೇಬ್ರ, ನಿಮ್ಮ ಮುಂಬೈ ಸರಕಾರ ಇಲ್ಲಿಗೆ ಮುಗೀತ್ರಿ. ಇಲ್ಲಿಂದ ಮುಂದ ಹೈದ್ರಾಬಾದು. ಹೋಗೂದೇನ್ರಿ?"

ಕಲಮು ಸಾಹೇಬರು ಅಂಚನ್ನು ಇನ್ನಷ್ಟು ಬಿಗಿ ಹಿಡಿದರು. ಕಚೇರಿಯ ಅಪ್ಪಣೆಯಿಲ್ಲದೆ ತಾಲೂಕು ಬಿಡಬಾರದು ಎಂಬ ನಿಯಮವನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದವರು ಅವರು. ಈಗ ತಾಲೂಕಲ್ಲ, ರಾಜ್ಯವನ್ನೇ ಬಿಡುತ್ತಿದ್ದರು. "ತಿರುಗ್ಸು! ತಿರುಗ್ಸು!" ಎಂದು ಕೂಗಿದರು.

"ಗಾಳಿ ಆ ಕಡಿ ಐತ್ರಿ. ಹೋಗೂದು ಹಾಯಿ ಮ್ಯಾಲ, ಬರೂದು ಗಾಳಿ ಇಳಿದ ಮ್ಯಾಲ ಹುಟ್ಟು ಹಾಕ್ಕೊಂಡು. ದಿನಾ ಹಂಗ ಮಾಡ್ತೇವ್ರಿ."

ಅವನು ಬೇಕೆಂದೇ ಹೀಗೆ ಮಾಡಿದನೆಂದು ನಾನು ಇವತ್ತಿಗೂ ನಂಬಿದ್ದೇನೆ. ಕೇಳುವ ಧೈರ್ಯ ಎಂದೂ ಆಗಲಿಲ್ಲ.

ಆಚೆಯ ಮರಳಿನ ಮೇಲೆ ನಾಲ್ಕು ತಾಸು ಕೂತೆವು. ಹೊತ್ತು ಇಳಿಯುತ್ತ ಕೇರಿಯ ಹೆಂಗಸರು ಹೊಲದಿಂದ ಬಂದು ಸುತ್ತ ಕೂತರು. ಅಷ್ಟರಲ್ಲಿ ಗುತ್ತಿಗೆಯ ದೋಣಿ ನಾವಿದ್ದ ದಂಡೆಗೆ ಬಂತು. ಕಲಮು ಸಾಹೇಬರು ಜೀವ ಬಂದವರಂತೆ ಎದ್ದು ಓಡಿದರು. ಅಂಬಿಗ ಕೋಲು ಅಡ್ಡ ಹಿಡಿದ.

"ದನ ಮೊದಲ. ಕೇರಿ ಮಂದಿ ಕಡೀಕ."

"ನಾನು ಮಾಮಲೇದಾರ ಕಚೇರಿ ಅವ್ವಲ್ ಕಾರಕೂನ!"

ಅಂಬಿಗ ಅವರ ಬೋಳು ತಲೆ ನೋಡಿದ, ನೀರು ಕುಡಿದ ಕೋಟು ನೋಡಿದ, ಹಿಂದೆ ಕೂತ ಹೆಂಗಸರನ್ನು ನೋಡಿದ. "ಕಚೇರಿಯವರು ಅರಿಬಿ ದೋಣ್ಯಾಗ ಬರ್ತಾರೇನು? ನಾ ಏನ ಹುಚ್ಚ ಅದೀನೇನು?"

ಆರು ಎಮ್ಮೆ ಹತ್ತಿದವು. ದೋಣಿ ಹೋಯಿತು. ನೀರಿನಂಚಿನಲ್ಲಿ ನಿಂತು ಇವರು ಕೂಗುತ್ತಿದ್ದರು: "ಒಂಬತ್ತನೇ ಕಲಮು! ಬಂದ ಸರದಿ ಪ್ರಕಾರ ದಾಟಿಸಬೇಕು ಅಂತ ಗುತ್ತಿಗಿ ಕರಾರಿನಾಗ ಒಂಬತ್ತನೇ ಕಲಮು ಐತಿ! ಮುರದಾನ! ನನ್ನ ಕಣ್ಣಮುಂದ ಮುರದಾನ!"

ಮಲ್ಲವ್ವ ಎಂಬ ಹೆಂಗಸು ತನ್ನ ಹುಲ್ಲಿನ ಹೊರೆಗೆ ಗಂಟು ಹಾಕುತ್ತ, ತಲೆ ಎತ್ತದೆ ಹೇಳಿದಳು: "ನಮಗ ದಿನಾ ಮುರೀತಾನ್ರಿ."

ಕಲಮು ಸಾಹೇಬರು ತಿರುಗಿ ಬಂದು ಮರಳಿನ ಮೇಲೆ ಕೂತರು. ಆಗ ಅವರ ಮನಸ್ಸು ಕರಗಿತು, ಅವರು ಬೇರೆ ಮನುಷ್ಯರಾದರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಾನು ಪಕ್ಕದಲ್ಲೇ ಇದ್ದೆ, ಹಾಗೇನೂ ಆಗಲಿಲ್ಲ. ಅವರು ಯೋಚಿಸುತ್ತಿದ್ದದ್ದು ತಮ್ಮ ನೌಕರಿಯನ್ನು. ಗಾಳಿ ಇಳಿದು ವಾಪಸು ಬರುವಾಗ ದೋಣಿ ಒಂದು ಕಡೆ ವಾಲಿತೆಂದು ಮಲ್ಲವ್ವ "ಈ ಕಡಿ ಸರೀರಿ ಸಾಹೇಬ್ರ" ಎಂದಳು. ಸರಿದು, ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರು. ಹಾಸಿದ್ದ ಕರವಸ್ತ್ರ ಅಲ್ಲೇ ಉಳಿಯಿತು.

ಮರುದಿನ ಕಚೇರಿಗೆ ಬಂದವರೇ ನನ್ನಿಂದ ಹೊಸ ರಜಿಸ್ಟರ್ ಒಂದನ್ನು ಕಟ್ಟಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಖಾಸಗಿ ಹಾಯಿದೋಣಿಗಳ ನೋಂದಣಿ. ಅದರ ಮೊದಲ ಪುಟದಲ್ಲಿ ಸಾಯಬಣ್ಣನ ದೋಣಿಗೆ ನಂಬರ್ ಒಂದು ಬಿತ್ತು. ಕಾರಣ ಸುಲಭ. ಲೆಕ್ಕಕ್ಕಿಲ್ಲದ ದೋಣಿಯಲ್ಲಿ ಅಪ್ಪಣೆಯಿಲ್ಲದೆ ಪರರಾಜ್ಯಕ್ಕೆ ಹೋದವರೆಂದರೆ ತಪ್ಪಿತಸ್ಥರು. ನೋಂದಣಿಯಾಗುವ ದೋಣಿಯ ತೇಲುವ ಪರೀಕ್ಷೆಗೆ ಹೋದವರೆಂದರೆ ಕರ್ತವ್ಯನಿರತರು. ತಮ್ಮ ಚರ್ಮ ಉಳಿಸಿಕೊಳ್ಳಲು ಅವರೊಂದು ನಿಯಮವನ್ನು ಹೆತ್ತರು. ಅದಕ್ಕೆ ಏಳು ಷರತ್ತು. ಎರಡೂ ಬದಿಗೆ ನಂಬರು ಬರೆಯಬೇಕು. ಕಂದೀಲು, ಗಂಟೆ ಇರಬೇಕು. ಎಂಟು ಜನಕ್ಕಿಂತ ಹೆಚ್ಚು ಕೂರಬಾರದು. ಹಾಯಿಯ ಬಣ್ಣವನ್ನು ಮುಂಚಿತ ಅಪ್ಪಣೆಯಿಲ್ಲದೆ ಬದಲಿಸಬಾರದು. ಕೌದಿಯಂಥ ಹಾಯಿ, ತಿಂಗಳಿಗೊಮ್ಮೆ ಹರಿಯುತ್ತಿತ್ತು. ಪ್ರತಿ ಸಲ ಸಾಯಬಣ್ಣ ನೆಟ್ಟಗೆ ಅರ್ಜಿ ಕಳಿಸುತ್ತಿದ್ದ, ಹಸಿರು ತುಂಡು ಹೋಗಿ ಕೆಂಪು ತುಂಡು ಹಚ್ಚಲು ಅಪ್ಪಣೆಯಾಗಬೇಕು ಎಂದು. ಇವರು ಗಂಭೀರವಾಗಿ ಮಂಜೂರು ಮಾಡುತ್ತಿದ್ದರು. ಇಬ್ಬರಲ್ಲಿ ಯಾರು ಯಾರನ್ನು ಆಡಿಸುತ್ತಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ.

ನೋಂದಣಿ ಪತ್ರವನ್ನು ಒಯ್ಯಲು ಸಾಯಬಣ್ಣ ಬಂದ ದಿನ ಕಲಮು ಸಾಹೇಬರು ಅದನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಹೊಳೆಯ ಮೇಲಿನ ಮೊಣಕಾಲಿಗೂ ಕಚೇರಿಯ ಕೈಗೂ ಸಂಬಂಧವಿರಲಿಲ್ಲ. ನಾನೂ ಸರಿದೆ.

ಆಮೇಲೆ ಗೌಡರು ಬಂದರು, ಉರಿಯುತ್ತ. "ಬಂದ್ ಮಾಡ್ರಿ ಅಂದ್ರ ನಂಬರ ಕೊಟ್ಟೀರಲ್ರಿ ರಾವಸಾಹೇಬ್ರ! ಯಾರ ಪರ ಅದೀರಿ ನೀವು?"

"ನಾನು ಯಾರ ಪರಾನೂ ಇಲ್ಲ ಗೌಡ್ರ. ನೋಂದಣಿ ಇಲ್ಲ ಅಂತ ನೀವ ಬರದ್ರಿ. ಈಗ ಆಗೇತಿ. ನಿಮ್ಮ ಅರ್ಜಿ ಪ್ರಕಾರ ಕೆಲಸ ಆತು."

"ಅದನ್ನ ನಾವು ಒಡದ ಹಾಕಿದ್ರ?"

ಕಲಮು ಸಾಹೇಬರ ಕಣ್ಣು ಹೊಳೆದವು. ಯಾರಾದರೂ ನಿಯಮ ಮುರಿಯುವ ಮಾತಾಡಿದರೆ ಹಾಗೆ ಹೊಳೆಯುತ್ತಿದ್ದವು. "ಸರಕಾರಿ ದಫ್ತರದಾಗ ನಂಬರ ಬಿದ್ದ ದೋಣಿ. ಒಡದ್ರ ನಾನ ಫಿರ್ಯಾದಿ, ನಾನ ಸಾಕ್ಷಿ. ಹಾಂ, ನಿಮ್ಮ ಬೀಗರಿಗೆ ಒಂಬತ್ತನೇ ಕಲಮಿನ ನೋಟೀಸು ತಯಾರೈತಿ. ಕೈಯಾಗ ಒಯ್ತೀರೋ, ಟಪಾಲದಾಗ ಕಳಸ್ಲೋ?"

ಗೌಡರು ಕೈಯಲ್ಲೇ ಒಯ್ದರು. ಸಾಯಬಣ್ಣನ ದೋಣಿಯನ್ನು ಯಾರೂ ಮುಟ್ಟಲಿಲ್ಲ. ಎರಡು ರಾಜ್ಯ ಹೋಗಿ ಒಂದಾದ ಮೇಲೆ, ಈ ರಜಿಸ್ಟರ್ ಯಾವ ಕಾಯ್ದೆಯ ಕೆಳಗೆ ಎಂದು ಮೇಲಿನಿಂದ ಪ್ರಶ್ನೆ ಬಂತು. ಇವರು ಹನ್ನೊಂದು ಪುಟದ ಉತ್ತರ ಬರೆದರು. ಅದನ್ನು ಓದಿದವರು ಯಾರೋ ಗೊತ್ತಿಲ್ಲ; ಮತ್ತೆ ಯಾರೂ ಕೇಳಲಿಲ್ಲ. ನಾಲ್ಕು ವರ್ಷದ ನಂತರ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾನೇ ಅವರ ನಡಿಗೆಯನ್ನು ಅಣಕಿಸಿ ತೋರಿಸಿದೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವರೂ ನಕ್ಕರು, ಒಂದು ಕ್ಷಣ ತಡವಾಗಿ.

ಮುಂದೆ ಬೇರೆ ಊರಿನಲ್ಲಿ ಅದೇ ಕುರ್ಚಿ ನನಗೆ ಬಂತು. ನಾನು ಹೊಸ ಕಾಲದವನು, ಸುಳ್ಳು ಫಾರ್ಮು ಹುಟ್ಟಿಸುವವನಲ್ಲ ಎಂಬ ಹೆಮ್ಮೆಯಿತ್ತು. ಒಂದು ಮಧ್ಯಾಹ್ನ ಯಮನಪ್ಪ ಎಂಬವನು ಬಂದ. ಐವತ್ತು ದಾಟಿದವನು, ಇನ್ನೊಂದು ಹಳ್ಳಿಯ ಕೇರಿಯವನು. ಸಾಯಬಣ್ಣನ ಹತ್ತಿರ ಕಲಿತು ತಾನೂ ಒಂದು ಹಾಯಿದೋಣಿ ಕಟ್ಟಿದ್ದ. ಅರ್ಜಿ ಮುಂದೆ ಹಿಡಿದು, "ನಂಬರ ಬೇಕಾಗಿತ್ರಿ," ಎಂದ.

ನಾನು ಅವನನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಅರ್ಜಿಯನ್ನು ಕೈಯಿಂದ ಕೈಗೆ ತೆಗೆದುಕೊಂಡು ಓದಿದೆ, ಕೈಯಿಂದ ಕೈಗೆ ವಾಪಸು ಕೊಟ್ಟೆ. "ನಂಬರ ಬೇಕಾಗಿಲ್ಲಪಾ. ಅಂಥಾ ನಿಯಮಾನ ಇಲ್ಲ. ನಿನ್ನ ದೋಣಿ, ನೀ ಹಾಕ್ಕೊ. ಯಾರನ್ನೂ ಕೇಳಬ್ಯಾಡ," ಎಂದೆ.

"ನಂಬರ ಇಲ್ಲಂದ್ರ ಊರಾಗ ಬಿಡೂದಿಲ್ರಿ ಸಾಹೇಬ್ರ. ಸಾಯಬಣ್ಣಗ ಕೊಟ್ಟೀರಲ್ರಿ."

"ಅದು ತಪ್ಪಿತ್ತು," ಎಂದೆ. ಚಹಾ ಕುಡಿಸಿ ಕಳಿಸಿದೆ. ಆ ದಿನ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಎಂಟು ದಿನದಲ್ಲಿ ಆ ದೋಣಿಯನ್ನು ಸುಟ್ಟರು. ಬೆಂಕಿ ಆರಿಸಲು ಹೋದ ಯಮನಪ್ಪನ ಎರಡೂ ಅಂಗೈ ಬೆಂದವು. ಪೊಲೀಸ್ ಠಾಣೆಯಿಂದ ನನಗೆ ಒಂದು ಕಾಗದ ಬಂತು: ಇಂಥವನ ಹೆಸರಿನಲ್ಲಿ ಇಂಥ ದೋಣಿ ತಮ್ಮ ಕಚೇರಿಯ ಯಾವುದಾದರೂ ದಫ್ತರದಲ್ಲಿ ಇದೆಯೇ? ನಾನು ಸತ್ಯವನ್ನೇ ಬರೆದು ಸಹಿ ಮಾಡಿದೆ: ಇಲ್ಲ. ಪಂಚನಾಮೆಯಲ್ಲಿ "ದಂಡೆಯ ಮೇಲೆ ಬಿದ್ದಿದ್ದ ಹಳೆಯ ಕಟ್ಟಿಗೆ ಆಕಸ್ಮಿಕವಾಗಿ ಸುಟ್ಟಿದೆ" ಎಂದು ಬರೆದು ಮುಗಿಸಿದರು.

ಆ ರವಿವಾರ ಬಸ್ಸು ಹಿಡಿದು ಕಲಮು ಸಾಹೇಬರ ಊರಿಗೆ ಹೋದೆ. ಅಂಗಳದಲ್ಲಿ ಹೊರಸಿನ ಮೇಲೆ ಬರಿ ಧೋತರದಲ್ಲಿ ಕೂತಿದ್ದರು. ಗುಂಡಿ ಹಾಕಿದ ಕೋಟಿಲ್ಲದೆ ಚಿಕ್ಕವರಾಗಿ ಕಂಡರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಯಮನಪ್ಪನ ಅಂಗೈಯ ಬಗ್ಗೆ ಕೇಳಲಿಲ್ಲ. ಯಾರು ಸುಟ್ಟರು ಎಂದೂ ಕೇಳಲಿಲ್ಲ.

"ಅರ್ಜಿ ಆವಕಕ್ಕ ಹತ್ತಿಸಿದ್ಯೇನು?" ಎಂದರು.

"ಇಲ್ರಿ. ನಿಯಮ ಇಲ್ಲಲ್ರಿ. ವಾಪಸ ಕೊಟ್ಟೆ."

"ನಂಬರ ಕೊಡೂದು ಬ್ಯಾಡಾಗಿತ್ತು. ಅರ್ಜಿ ತಗೊಂಡು, ಆವಕದ ಸಿಕ್ಕಾ ಹೊಡದು, ಒಂದು ಚೀಟಿ ಕೊಟ್ಟು ಕಳಿಸಿದ್ರ ಸಾಕಿತ್ತು. ಅರ್ಜಿ ಕಚೇರ್ಯಾಗ ಐತಿ, ವಿಚಾರಣಿ ನಡದೈತಿ ಅಂದ್ರ ಅದಕ್ಕ ಯಾವ ಗೌಡನೂ ಬೆಂಕಿಕಡ್ಡಿ ಕೊರಿಯೂದಿಲ್ಲ ತಮ್ಮಾ." ಎಲೆಗೆ ಸುಣ್ಣ ಹಚ್ಚುತ್ತ ಮತ್ತೆ ಹೇಳಿದರು: "ಇಪ್ಪತ್ತು ವರ್ಷ ಬಾಕಿ ಇಟ್ಟರ ನಿನಗ ಯಾರು ಕೇಳತಿದ್ರು?"

ಅವರು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ದೂಡಿ, ಕೊನೆಯ ಬಸ್ಸು ಐದಕ್ಕೆ ಹೊರಡುತ್ತದೆ, ತಡ ಮಾಡಬೇಡ ಎಂದರು.